ಮನೆಯ ಮೂಗು

ಮಾರ್ಚ್ ೪, ಸೋಮವಾರ

ಅಪ್ಪ ನನ್ನ ಮುಖಕ್ಕೆ ಊದಲು ಶುರುಮಾಡಿ ಇವತ್ತಿಗೆ ಹದಿನಾಲ್ಕು ತಿಂಗಳು ತುಂಬಿತು.

ಅವನು ಕುಡಿತ ಬಿಟ್ಟ ದಿನದಿಂದ ಇದು ಮನೆಯ ಕಾನೂನು. ಸಂಜೆ ಕೆಲಸದಿಂದ ಬಂದವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನನ್ನೆದುರು ನಿಂತು, ಬಾಯಿ ಅಗಲಿಸಿ 'ಹಾ' ಎನ್ನಬೇಕು. ನಾನು ಮೂಸಿ ತಲೆಯಾಡಿಸಿದರೆ ಒಳಗೆ ಕಾಫಿ. ಇಲ್ಲದಿದ್ದರೆ ಅದೇ ಚಪ್ಪಲಿ ಮೆಟ್ಟಿಕೊಂಡು ಅವನ ತಂಗಿಯ ಊರಿಗೆ. ಅಮ್ಮ ಇದನ್ನು ಒಂದೇ ಸಲ ಹೇಳಿದ್ದಾಳೆ. ಎರಡನೇ ಸಲ ಹೇಳುವ ಅಭ್ಯಾಸ ಅವಳಿಗಿಲ್ಲ.

ಮೂಸುವ ಕೆಲಸ ನ್ಯಾಯವಾಗಿ ಅಮ್ಮನದು. ಆದರೆ ಇಪ್ಪತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಬ್ಲೀಚಿನ ಹಬೆ ಎಳೆದುಕೊಂಡು ಅವಳ ಮೂಗು ಸತ್ತೇ ಹೋಗಿದೆ. ಒಲೆಯ ಮೇಲೆ ಹಾಲು ಸೀದರೂ ಅವಳಿಗೆ ತಿಳಿಯುವುದು ಹೊಗೆ ಕಣ್ಣಿಗೆ ಕಂಡಾಗಲೇ. ಅಪ್ಪನೋ ಬೀಗ ರಿಪೇರಿಯವನು. ಹಿಂದೆ ಅಮ್ಮ ಅವನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಹೋದರೆ, ಅವಳು ಬೀದಿಯ ತಿರುವು ಮುಟ್ಟುವುದರೊಳಗೆ ಅವನು ಹೆಂಡದಂಗಡಿ ಮುಟ್ಟಿರುತ್ತಿದ್ದ. ಹಾಗಾಗಿ ಮನೆಯವರು ಬೀಗವನ್ನು ನಂಬುವುದು ಬಿಟ್ಟು ನನ್ನ ಮೂಗನ್ನು ನಂಬಿದರು.

ಈ ತಿಂಗಳಿಂದ ತಮ್ಮನೂ ಊದಬೇಕು. ಅವನಿಗೆ ಹತ್ತೊಂಬತ್ತು ತುಂಬಿತು. ತಾತ ಶುರುಮಾಡಿದ್ದು ಹತ್ತೊಂಬತ್ತಕ್ಕೆ, ಅಪ್ಪನೂ ಹತ್ತೊಂಬತ್ತಕ್ಕೆ.

"ನೂಲಿನಂತೆ ಸೀರೆ, ತಂದೆಯಂತೆ ಮಗ," ಎಂದಳು ಅಮ್ಮ.

"ಗಾದೆ ಹಾಗಿಲ್ಲಮ್ಮ. ತಾಯಿಯಂತೆ ಮಗಳು ಅಂತ ಇರೋದು."

"ಅದೂ ಸರೀನೇ. ಅವಳು ನನ್ನ ಹಾಗೆ. ಅದಕ್ಕೇ ಅವಳು ಮೂಸ್ತಾಳೆ, ನೀನು ಊದ್ತೀಯ. ಊದು."

ಊದಿದ. ಪೆಪ್ಪರ್‌ಮೆಂಟು. ಬರೀ ಪೆಪ್ಪರ್‌ಮೆಂಟು. ಏನನ್ನೂ ಮುಚ್ಚಿಡಬೇಕಾಗಿಲ್ಲದವನು ಅಷ್ಟೊಂದು ಪೆಪ್ಪರ್‌ಮೆಂಟು ಯಾಕೆ ತಿನ್ನುತ್ತಾನೆ? ಅವನ ಮೇಲೆ ಕಣ್ಣಿಡಬೇಕು. ಮೂಗನ್ನಂತೂ ಇಟ್ಟಾಗಿದೆ.

ಮಾರ್ಚ್ ೫, ಮಂಗಳವಾರ

ಈ ಡೈರಿ ಡಾಕ್ಟರಮ್ಮ ಕೊಟ್ಟದ್ದು. ಇಲಿಗಳ ವಿಚಾರ ಏನಾದರೂ ಕಂಡರೆ ಬರೆದಿಡು ಎಂದರು. ಐದನೇ ಕ್ಲಾಸಿನ ನಂತರ ನಾನು ಬರೆದದ್ದೆಲ್ಲ ಬಾಟಲಿಯ ಮೇಲಿನ ನಂಬರು ಮಾತ್ರ. ಎದುರಿಗೆ ಮನುಷ್ಯರಿದ್ದರೆ ನನಗೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಕಾಗದ ಮನುಷ್ಯನಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಕೆಲಸ ಇಲಿಗಳಿಗೆ ಹೆಂಡ ಹಾಕುವುದು. ಯಾರಾದರೂ ಕೇಳಿದರೆ 'ಪ್ರಯೋಗಶಾಲೆಯಲ್ಲಿ ಸಹಾಯಕಿ' ಎನ್ನಬೇಕೆಂದು ಅಭ್ಯಾಸ ಮಾಡಿಟ್ಟುಕೊಂಡಿದ್ದೇನೆ. ಇನ್ನೂ ಯಾರೂ ಕೇಳಿಲ್ಲ.

ಕೋಣೆಯಲ್ಲಿ ಎರಡು ಸಾಲು. ಎಡಗಡೆ ಕುಡುಕರ ಸಾಲು, ಬಲಗಡೆ ನೀರಿನ ಸಾಲು. ಹೆಚ್ಚು ಕುಡಿದ ಗಂಡಿಗೆ ಹೆಚ್ಚು ಕುಡಿದ ಹೆಣ್ಣನ್ನು ಕೂಡಿಸಿ, ಅವುಗಳ ಮರಿಗಳಲ್ಲಿ ಮತ್ತೆ ಹೆಚ್ಚು ಕುಡಿದವುಗಳನ್ನು ಆರಿಸಿ, ಹೀಗೆ ಹನ್ನೊಂದು ತಲೆಮಾರು ಬೆಳೆಸಿದ್ದಾರೆ. ನೀರಿನ ಸಾಲಿನದು ಇದರ ತದ್ವಿರುದ್ಧ, ಮುಟ್ಟದವುಗಳ ವಂಶ. ಕುಡಿತ ರಕ್ತದಲ್ಲಿ ಹೇಗೆ ಇಳಿದುಬರುತ್ತದೆ ಎಂದು ಡಾಕ್ಟರಮ್ಮ ಹುಡುಕುತ್ತಿದ್ದಾರೆ. ನಮ್ಮ ಮನೆಗೆ ಬಂದಿದ್ದರೆ ಹನ್ನೊಂದು ತಲೆಮಾರು ಕಾಯಬೇಕಿರಲಿಲ್ಲ.

ಪ್ರತಿ ಪಂಜರಕ್ಕೂ ಎರಡು ಬಾಟಲಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ನೂರಕ್ಕೆ ಹತ್ತು ಪಾಲು ಸ್ಪಿರಿಟ್ ಬೆರೆಸಿದ ನೀರು. ದಿನಾ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಬೇಕು. ಇಲಿ ಬರೀ ರೂಢಿಯಿಂದ ಒಂದು ಕಡೆಗೆ ಹೋಗುತ್ತಿದೆಯೋ, ಬೇಕೆಂದೇ ಕುಡಿಯುತ್ತಿದೆಯೋ ಗೊತ್ತಾಗಬೇಕಲ್ಲ. ಬೆಳಿಗ್ಗೆ ಬಾಟಲಿ ತೂಗಿದರೆ ಯಾರು ಎಷ್ಟು ಕುಡಿದರು ಎಂಬುದು ಬಯಲು. ಇಲಿಗಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ.

ತೊಂದರೆ ಒಂದೇ. ಬಿಸಿನೀರಿನ ತೊಳೆತಕ್ಕೆ ಬಾಟಲಿಯ ಚೀಟಿ ಕಿತ್ತುಹೋಗುತ್ತದೆ. ಎರಡೂ ನೋಡಲು ನೀರಿನಂತೆಯೇ. ನೆಲ ಒರೆಸುವ ಫಿನಾಯಿಲಿನ ವಾಸನೆಯಲ್ಲಿ ನನ್ನ ಮೂಗೂ ಅಲ್ಲಿ ಸೋಲುತ್ತದೆ. ಅನುಮಾನ ಬಂದರೆ ಚೆಲ್ಲಿ ಹೊಸದಾಗಿ ತುಂಬಬೇಕು ಎಂಬುದು ನಿಯಮ. ಇವತ್ತು ಹನ್ನೆರಡು ಚೀಟಿ ಕಿತ್ತುಬಂದವು.

"ಹನ್ನೆರಡನ್ನೂ ಚೆಲ್ತೀಯಾ? ನಾಲಿಗೆ ಯಾಕಿದೆ?" ಎಂದ ಮೇಸ್ತ್ರಿ. ಮೂವತ್ತು ವರ್ಷದಿಂದ ಇಲಿಕೋಣೆ ನೋಡಿಕೊಳ್ಳುತ್ತಿರುವ ಮನುಷ್ಯ. ಒಂದು ಹನಿ ನಾಲಿಗೆಗೆ ತಾಗಿಸಿ, "ಇದು ನೀರು," ಎಂದ. ಇನ್ನೊಂದು ತಾಗಿಸಿ ಥೂ ಎಂದು ಉಗುಳಿದ. "ಇದು ಅದು. ಉಗುಳೋದು ಮರೀಬೇಡಮ್ಮ."

ಮಾರ್ಚ್ ೯, ಶನಿವಾರ

ಉಗುಳುವ ಸಿಂಕು ಬಾಗಿಲಾಚೆ ಇದೆ. ಪ್ರತಿ ಬಾಟಲಿಗೂ ಓಡಿ ಓಡಿ ಸಾಕಾಯಿತು. ಇವತ್ತು ಉಗುಳಲಿಲ್ಲ.

ಅರ್ಧ ಗಂಟೆ ಎದೆ ಹಿಡಿದುಕೊಂಡು ಕಾದೆ. ಅಪ್ಪನ ರಕ್ತ ನನ್ನಲ್ಲಿದ್ದರೆ ಈಗ ಏಳುತ್ತದೆ, ಬಾಟಲಿಗಳ ಮೇಲೆ ಬೀಳುತ್ತೇನೆ, ಮೇಸ್ತ್ರಿ ಬಂದು ನನ್ನನ್ನು ಕುಡುಕರ ಸಾಲಿನ ಒಂದು ಪಂಜರಕ್ಕೆ ಹಾಕುತ್ತಾನೆ ಎಂದೆಲ್ಲ ಅನಿಸಿತು. ಏನೂ ಆಗಲಿಲ್ಲ. ಕಿವಿಯೂ ಬಿಸಿಯಾಗಲಿಲ್ಲ. ಸಂತೋಷವೋ ಸಂತೋಷ. ನಾನು ಅಮ್ಮನಂತೆಯೇ.

ಮಾರ್ಚ್ ೧೪, ಗುರುವಾರ

ತಮ್ಮನ ಪ್ಯಾಂಟು ಒಗೆಯಲು ತೆಗೆದರೆ ಜೇಬಿನಲ್ಲಿ ಮೂವತ್ತೊಂದು ಪೆಪ್ಪರ್‌ಮೆಂಟು!

"ಇಷ್ಟು ಯಾಕೋ?" ಎಂದೆ.

"ಕೆಮ್ಮು, ಅಕ್ಕ."

"ಕೆಮ್ಮು."

ಕೆಮ್ಮಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕೆಮ್ಮು ಅದು. ಎಲ್ಲವನ್ನೂ ಜಪ್ತಿ ಮಾಡಿದೆ.

ಒಂದು ಹನಿಯ ಪರೀಕ್ಷೆ ಸಾಲದು ಎಂದು ನನಗೇ ಅನಿಸಿತ್ತು. ಡಾಕ್ಟರಮ್ಮ ಏನನ್ನೂ ಒಂದೇ ಸಲಕ್ಕೆ ನಂಬುವುದಿಲ್ಲ, ಮೂರು ಸಲ ಮಾಡಿಸುತ್ತಾರೆ. ನಾವು ಬೆಳಿಗ್ಗೆ ದೊಡ್ಡ ಜಾಡಿಯಲ್ಲಿ ಬೆರೆಸಿ, ಬಾಟಲಿಗಳಿಗೆ ತುಂಬಿ, ಉಳಿದದ್ದನ್ನು ಚೆಲ್ಲುತ್ತೇವೆ. ಇವತ್ತು ಉಳಿದದ್ದರಲ್ಲಿ ಮೂರು ಮುಚ್ಚಳ ಕುಡಿದೆ. ಆಮೇಲೆ ನೆಲದ ಟೈಲ್ಸಿನ ಗೆರೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಗೆರೆ ತಪ್ಪಲಿಲ್ಲ. ಪಾಸು.

ಬಾಯಿಗೆ ಒಂದು ಪೆಪ್ಪರ್‌ಮೆಂಟು ಹಾಕಿಕೊಂಡೆ. ಜಪ್ತಿ ಮಾಡಿದ ಮಾಲು ಹಾಳಾಗಬಾರದು.

ಮಾರ್ಚ್ ೧೫, ಶುಕ್ರವಾರ

ಐದು ಮುಚ್ಚಳ. ಪಾಸು.

ಮಾರ್ಚ್ ೨೧, ಗುರುವಾರ

ಎಂಥ ಒಳ್ಳೆಯ ದಿನ! ಬೆಳಿಗ್ಗೆ ಸ್ವಲ್ಪ ಹೆಚ್ಚಿಗೆ ಬೆರೆಸಿಬಿಟ್ಟೆ. ಈ ವಾರ ಮೂರನೇ ಸಲ ಕೈತಪ್ಪಿದ್ದು. ಚೆಲ್ಲಲು ಮನಸ್ಸು ಬರಲಿಲ್ಲ. ಮುಚ್ಚಳದಲ್ಲಿ ಅಳೆಯುವುದು ತಡವಾಗುತ್ತದೆಂದು ಈಗ ಗ್ಲಾಸಿನಲ್ಲಿ ಅಳೆಯುತ್ತೇನೆ.

ಮಧ್ಯಾಹ್ನ ಮೇಸ್ತ್ರಿ ಎಂದಿನಂತೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಎದ್ದಾಗ, "ಮೇಸ್ತ್ರಿಗಳೇ, ನಿಮ್ಮ ಗೊರಕೆಗೆ ಹದಿನಾಲ್ಕನೇ ನಂಬರಿಗೆ ಗರ್ಭ ನಿಲ್ತಿಲ್ಲವಂತೆ," ಎಂದೆ. ಅವನು ಹಿಂದೆ ತಿರುಗಿ ಬೇರೆ ಯಾರಾದರೂ ಮಾತಾಡಿದರೇ ಎಂದು ನೋಡಿದ. ಮೂರು ವರ್ಷದಲ್ಲಿ ನಾನು ಅವನೊಡನೆ 'ಹೂಂ', 'ಆಯ್ತು' ಬಿಟ್ಟು ಇನ್ನೇನೂ ಆಡಿರಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಮ್ಮ, ನಿನಗೂ ಬಾಯಿದೆ!" ಎಂದ.

ನಾಚಿಕೆ ಎಂಬುದು ವಯಸ್ಸಿನೊಡನೆ ಹೋಗುತ್ತದೆ ಎಂದು ಕೇಳಿದ್ದೆ. ಇದೇ ಇರಬೇಕು. ನನಗೂ ಇಪ್ಪತ್ತಮೂರಾಯಿತು.

ಸಂಜೆ ಅಪ್ಪ ಊದಿದ. ಶುದ್ಧ. ತಮ್ಮ ಊದಿದ. ಪೆಪ್ಪರ್‌ಮೆಂಟು. ಮತ್ತೆ ಜಪ್ತಿ. ನನಗೂ ಬೇಕಾಗಿತ್ತು.

ಮಾರ್ಚ್ ೨೭, ಬುಧವಾರ

ಜಾಡಿ ಬೇಗ ಮುಗಿಯಿತು. ಯಾರು ಮುಗಿಸಿದರೋ. ನಾನೇ ಇರಬೇಕು, ಇಲ್ಲಿ ಬೇರೆ ಯಾರಿದ್ದಾರೆ.

ನೀರಿನ ಸಾಲಿನಲ್ಲಿ ಇಪ್ಪತ್ತೇಳನೇ ನಂಬರಿನದು ಒಂದು ಇಲಿಯಿದೆ. ನಾನು ಅದನ್ನು ಸನ್ಯಾಸಿ ಎಂದು ಕರೆಯುತ್ತೇನೆ. ಹುಟ್ಟಿದಾಗಿನಿಂದ ಆ ಬಾಟಲಿಯತ್ತ ಮೂತಿ ತಿರುಗಿಸಿಲ್ಲ. ದಿನಾ ತುಂಬುತ್ತೇನೆ, ದಿನಾ ತುಂಬಿದ್ದು ತುಂಬಿದಂತೆ ಚೆಲ್ಲುತ್ತೇನೆ. ದಂಡ. ಇವತ್ತು ಸಂಜೆ ಅದರ ಬಾಟಲಿಯಿಂದ ಒಂದು ಗುಟುಕು ನನ್ನ ಗ್ಲಾಸಿಗೆ ಬಗ್ಗಿಸಿಕೊಂಡೆ. ಅವನೇನೂ ಅಂದುಕೊಳ್ಳಲಿಲ್ಲ.

ಏಪ್ರಿಲ್ ೨, ಮಂಗಳವಾರ

ಡಾಕ್ಟರಮ್ಮ ಕುಣಿಯುವುದೊಂದು ಬಾಕಿ.

"ಇಪ್ಪತ್ತೇಳು ನೋಡಿದ್ರಾ? ಹನ್ನೊಂದು ತಲೆಮಾರು ಮೂಸದೇ ಇದ್ದ ವಂಶ. ಆರು ದಿನದಿಂದ ಈ ಪುಣ್ಯಾತ್ಮ ಕುಡುಕರ ಸಾಲಿನವರನ್ನೂ ಮೀರಿಸಿದಾನೆ!" ಎಂದರು.

ಮೇಸ್ತ್ರಿ ಬಾಟಲಿ ಬೋರಲು ಹಾಕಿ ನೋಡಿದ. "ಸೋರ್ತಾ ಇಲ್ಲ ಮೇಡಂ."

ಸನ್ಯಾಸಿ ಮೂಲೆಯಲ್ಲಿ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದ. ಅವನ ಅಣ್ಣತಮ್ಮಂದಿರನ್ನೆಲ್ಲ ಬೇರೆ ಮಾಡಿ ನೋಡಬೇಕಂತೆ. ಅವನ ಬಾಲದಿಂದ ರಕ್ತ ತೆಗೆದರು. ಚೀ ಎಂದು ಒಂದು ಸಲ ಕಿರುಚಿದ, ಅಷ್ಟೆ. ನನ್ನ ಕಡೆಗೇ ನೋಡಿದ ಎಂದು ಅನಿಸಿತು. ಇಲಿಗಳಿಗೆ ದೂರದ್ದು ಕಾಣುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದಾನೆ.

ಹೇಳಿಬಿಡೋಣ ಎಂದುಕೊಂಡೆ. ಆದರೆ ಅವರು ಅಷ್ಟು ಸಂತೋಷದಲ್ಲಿದ್ದರು. ಸಂತೋಷದಲ್ಲಿದ್ದವರನ್ನು ಅಡ್ಡಿಪಡಿಸಬಾರದು.

ಹೋಗುವಾಗ ಡಾಕ್ಟರಮ್ಮ ನನ್ನನ್ನು ನಿಲ್ಲಿಸಿದರು. ಮನುಷ್ಯರ ಕುಟುಂಬಗಳನ್ನೂ ನೋಡುತ್ತಿದ್ದಾರಂತೆ. ಮನೆಮಂದಿಯೆಲ್ಲ ಬಂದು ಒಂದೊಂದು ನಳಿಕೆಗೆ ಎಂಜಲು ಉಗುಳಿ, ಕೆಲವು ಪ್ರಶ್ನೆಗೆ ಉತ್ತರ ಕೊಡಬೇಕು. "ನಿಮ್ಮ ತಂದೆ ಕುಡಿತ ಬಿಟ್ಟಿದಾರೆ ಅಂತ ಮೇಸ್ತ್ರಿ ಹೇಳಿದ್ರು. ಕರ್ಕೊಂಡು ಬರ್ತೀಯಾ? ಬಲವಂತ ಇಲ್ಲ." ಹದಿಮೂರನೇ ತಾರೀಖು ಎಂದು ಒಪ್ಪಿಕೊಂಡೆ. ಈಗೀಗ ನನಗೆ ಎಲ್ಲದಕ್ಕೂ 'ಹೂಂ' ಎನ್ನುವ ಧೈರ್ಯ ಬಂದಿದೆ.

ಏಪ್ರಿಲ್ ೬, ಶನಿವಾರ

ನಾಳೆ ಭಾನುವಾರ. ಭಾನುವಾರ ಇಲಿಕೋಣೆಗೆ ಮೇಸ್ತ್ರಿಯ ಪಾಳಿ. ಕಳೆದ ಭಾನುವಾರ ನನಗೆ ತಲೆನೋವು, ಕೈ ಸಣ್ಣಗೆ ನಡುಕ. ಸೆಕೆಗಿರಬೇಕು. ಅದಕ್ಕೆ ಇವತ್ತು ಒಂದು ಖಾಲಿ ಔಷಧಿ ಬಾಟಲಿಯಲ್ಲಿ ಸ್ವಲ್ಪ ತಂದಿಟ್ಟುಕೊಂಡೆ. ಪರೀಕ್ಷೆ ಮಧ್ಯದಲ್ಲಿ ತಪ್ಪಬಾರದು.

ಎಲ್ಲಿಡುವುದು? ಪಾಯಿಖಾನೆಯ ಫ್ಲಶ್ ತೊಟ್ಟಿಗಿಂತ ಒಳ್ಳೆಯ ಜಾಗವಿಲ್ಲ. ತಂಪಾಗಿಯೂ ಇರುತ್ತದೆ. ಅಪ್ಪ ಹಿಂದೆ ಅಲ್ಲೇ ಇಡುತ್ತಿದ್ದ. ಅಮ್ಮ ಒಂದು ವರ್ಷ ದಿನಾ ಮುಚ್ಚಳ ತೆಗೆದು ನೋಡಿ, ಈಗ ನಂಬಿಕೆ ಬಂದು ಬಿಟ್ಟಿದ್ದಾಳೆ. ಅಪ್ಪನಿಗೆ ನಿಜಕ್ಕೂ ತಲೆಯಿತ್ತು.

ಏಪ್ರಿಲ್ ೯, ಮಂಗಳವಾರ

ಇಲಿಗಳ ಎಡಬಲ ಬದಲಿಸುವುದು ಮರೆತೆ. ಎರಡು ದಿನ. ಮೇಸ್ತ್ರಿ ಗದರಿದ. ನಾನೂ ತಿರುಗಿ ಗದರಿದೆ.

ಪಾಸು.

ಏಪ್ರಿಲ್ ೧೧, ಗುರುವಾರ

ಕೈ ನೆಟ್ಟಗಿಲ್ಲ, ಆದರೂ ಬರೆಯುತ್ತೇನೆ.

ಫ್ಲಶ್ ತೊಟ್ಟಿಯಲ್ಲಿ ನೀರು ನಿಲ್ಲುತ್ತಿಲ್ಲವೆಂದು ಅಮ್ಮ ಮುಚ್ಚಳ ತೆಗೆದಳು. ಒಳಗೆ ತೇಲುವ ಚೆಂಡಿಗೆ ಬಾಟಲಿ ಅಡ್ಡ ಬಂದಿತ್ತು. ಸಂಜೆ ನಾವು ಮೂವರೂ ಮನೆ ಸೇರಿದಾಗ ಅದು ಊಟದ ಮೇಜಿನ ನಡುವೆ ನಿಂತಿತ್ತು. ನೀರಿಳಿಸುತ್ತಿತ್ತು.

ಅಮ್ಮ ಬಿರಡೆ ತೆಗೆದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

"ಮೂಸು."

'ನೀರು' ಎಂದು ಹೇಳಿಬಿಡಬಹುದಿತ್ತು. ಎರಡೇ ಅಕ್ಷರ. ಆದರೆ ಹದಿನೈದು ತಿಂಗಳಿಂದ ಈ ಮೂಗು ಒಂದೇ ಒಂದು ಸುಳ್ಳು ಹೇಳಿಲ್ಲ. ಮೂಸಿದೆ. "ಅದೇ," ಎಂದೆ.

ಅಪ್ಪ ತಮ್ಮನ ಮುಖ ನೋಡಿದ. ತಮ್ಮ ಅಪ್ಪನ ಮುಖ ನೋಡಿದ. ನನ್ನ ಮುಖವನ್ನು ಯಾರೂ ನೋಡಲಿಲ್ಲ.

"ನಂದು ಕಣೇ," ಎಂದ ಅಪ್ಪ.

"ಸುಳ್ಳು! ನಂದಮ್ಮ ಅದು," ಎಂದ ತಮ್ಮ.

"ನೀನು ಸುಮ್ನಿರೋ, ದೊಡ್ಡೋರ ಮಧ್ಯೆ."

"ನೀನು ಸುಮ್ನಿರಪ್ಪ. ಹದಿನೈದು ತಿಂಗಳು ಕಷ್ಟಪಟ್ಟಿದೀಯ. ನಂದು ಅಂದ್ರೆ ನಂದು."

"ನಿನಗೆ ಹತ್ತೊಂಬತ್ತು ಕಣೋ! ನನ್ನ ಹೆಸರು ಹೆಂಗಿದ್ರೂ ಕೆಟ್ಟಿದೆ, ಬಿಡು."

"ಇದೇನು ಹರಾಜಾ?" ಎಂದು ಅಮ್ಮ ಮೇಜು ಬಡಿದಳು. "ಯಾವತ್ತು ಇಟ್ಟಿದ್ದು?"

"ಹೋದ ವಾರ," ಎಂದ ಅಪ್ಪ. "ಒಂದು ತಿಂಗಳಾಯ್ತು," ಎಂದ ತಮ್ಮ.

"ಎಲ್ಲಿಂದ ತಂದಿದ್ದು?"

"ಸೇತುವೆ ಹತ್ತಿರದ ಅಂಗಡಿ." "ಬಸ್ ಸ್ಟ್ಯಾಂಡು."

ಸರಿಯುತ್ತರ ಗೊತ್ತಿದ್ದವಳು ನಾನೊಬ್ಬಳೇ. ಶಾಲೆಯಲ್ಲೂ ಹೀಗೆಯೇ ಆಗುತ್ತಿತ್ತು. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ.

ಅಮ್ಮ ತೀರ್ಪು ಕೊಟ್ಟಳು. ತೊಟ್ಟಿ ಅಪ್ಪನ ಹಳೇ ಜಾಗ, ಆದ್ದರಿಂದ ಬಾಟಲಿ ಅಪ್ಪನದೇ. "ಡಾಕ್ಟರಮ್ಮನಿಗೆ ಮಾತು ಕೊಟ್ಟಾಗಿದೆ. ಶನಿವಾರ ಬಂದು ಉಗುಳಿ. ಭಾನುವಾರ ಬೆಳಿಗ್ಗೆ ತಂಗಿ ಮನೆಗೆ ಹೊರಡಿ. ಮತ್ತೆ ಬರೋದು ಬೇಡ. ಮಗ ನೋಡಿ ಕಲಿಯೋ ಮುಂಚೆ ಹೊರಡಿ."

ಅಮ್ಮ ಅಪ್ಪನಿಗೆ ಇಷ್ಟು ಮರ್ಯಾದೆ ಕೊಟ್ಟು ಮಾತಾಡಿದ್ದನ್ನು ನಾನು ಹಿಂದೆ ಒಂದೇ ಸಲ ಕೇಳಿದ್ದೆ, ಊದುವ ಕಾನೂನು ಹೇಳಿದ ದಿನ.

ಏಪ್ರಿಲ್ ೧೨, ಶುಕ್ರವಾರ

ಅಪ್ಪ ಚೀಲ ತುಂಬಿದ. ಎರಡು ಅಂಗಿ, ಉಜ್ಜುವ ಅರ, ಬೀಗದ ಕೈ ಕೊರೆಯುವಾಗ ಹಿಡಿಯುವ ಸಣ್ಣ ಇಕ್ಕಳ. "ನಮ್ಮಪ್ಪನ ಸೊತ್ತು ನನಗೆ ಬಂತು, ನನ್ನದು ನಿನ್ನ ತಮ್ಮನಿಗೆ ಹೋಯ್ತು," ಎಂದು ನನ್ನೊಬ್ಬಳಿಗೇ ಹೇಳಿದ. "ನಾನಿಲ್ಲದಿದ್ರೂ ದಿನಾ ಅವನನ್ನ ಮೂಸು ಮಗಳೇ. ಬಿಡಬೇಡ."

"ಹೂಂ," ಎಂದೆ.

ಹೇಳಬೇಕು. ಏನೆಂದು ಹೇಳುವುದು? ನಾನು ಕುಡಿದಿಲ್ಲವಲ್ಲ, ಪರೀಕ್ಷೆ ಮಾಡಿದೆ ಅಷ್ಟೆ. ನನಗೆ ಏನೂ ಆಗುವುದಿಲ್ಲ. ಏನೂ ಆಗದವಳು ಕುಡುಕಿ ಹೇಗಾಗುತ್ತಾಳೆ? ಕುಡುಕಿ ಎಂಬ ಪದವನ್ನು ಈಗ ಮೊದಲ ಸಲ ಬರೆದದ್ದು. ನೋಡಲು ವಿಚಿತ್ರವಾಗಿದೆ. ಕುಡುಕ ಎಂದರೆ ಎಲ್ಲರಿಗೂ ಗೊತ್ತು, ಕುಡುಕಿ ಎಂದು ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈದಿಲ್ಲ.

ಖಾಲಿ ಎಂದು ಗೊತ್ತಿದ್ದೂ ತೊಟ್ಟಿಯ ಮುಚ್ಚಳ ಮೂರು ಸಲ ತೆಗೆದು ನೋಡಿದೆ. ಅಮ್ಮ, "ಹೊಟ್ಟೆ ಸರಿಯಿಲ್ವೇನೇ?" ಎಂದು ಕೇಳಿದಳು.

ಏಪ್ರಿಲ್ ೧೩, ಶನಿವಾರ

ಬೆಳಿಗ್ಗೆ ಡಾಕ್ಟರಮ್ಮನನ್ನು ನೋಡುವ ಮುಂಚೆ ಇಲಿಕೋಣೆಗೆ ಹೋಗಬೇಕೆನಿಸಿತು. ಹೋಗಲಿಲ್ಲ. ಮೇಸ್ತ್ರಿ ಇದ್ದ, ಅದಕ್ಕೆ.

ಡಾಕ್ಟರಮ್ಮನ ಕೋಣೆಯಲ್ಲಿ ನಾಲ್ಕು ಕುರ್ಚಿ. ನಾಲ್ಕು ನಳಿಕೆ ಕೊಟ್ಟರು. ಅಪ್ಪ ಒಂದೇ ಸಲಕ್ಕೆ ತುಂಬಿಸಿದ. ಅಮ್ಮನಿಗೆ ಸಿಟ್ಟಿಗೆ ಬಾಯಿ ಒಣಗಿ ಒಂದು ಹನಿಯೂ ಬರಲಿಲ್ಲ. "ಹುಳಿ ಏನಾದ್ರೂ ನೆನೆಸ್ಕೊಳ್ಳಿ," ಎಂದರು ಡಾಕ್ಟರಮ್ಮ. ಅಮ್ಮ ಅಪ್ಪನನ್ನು ನೋಡಿದಳು. ಬಂತು.

ಪ್ರಶ್ನೆಗಳನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಾರಂತೆ. "ಬೇಡ, ಇಲ್ಲೇ ಕೇಳಿ," ಎಂದಳು ಅಮ್ಮ. "ಒಳಗೊಂದು ಹೊರಗೊಂದು ಸಾಕಾಗಿದೆ." ಡಾಕ್ಟರಮ್ಮ ಎಲ್ಲರನ್ನೂ ಎರಡು ಸಲ ಕೇಳಿದರು. ಎಲ್ಲರೂ ತಲೆಯಾಡಿಸಿದರು. ನನ್ನ ತಲೆಯೂ ಆಡಿತು.

ಮೊದಲು ತಮ್ಮ. ಒಂದೇ ಸಲ, ಕೆಲಸದ ಗೆಳೆಯರ ಜೊತೆ ಅರ್ಧ ಗ್ಲಾಸು ಕುಡಿದನಂತೆ. ಮುಖ ಟೊಮೆಟೊ ಥರ ಆಗಿ, ಮೂರು ಸಲ ವಾಂತಿ. "ಆಮೇಲೆ ಅದರ ವಾಸನೆ ಬಂದ್ರೆ ಆ ಕಡೆ ರಸ್ತೇಲೂ ಹೋಗಲ್ಲ, ಮೇಡಂ."

"ಮತ್ತೆ ಆ ಪೆಪ್ಪರ್‌ಮೆಂಟು?" ಎಂದಳು ಅಮ್ಮ.

ತಮ್ಮ ನೆಲ ನೋಡಿದ. ಔಷಧಿ ಅಂಗಡಿಯ ಕೌಂಟರಿನಲ್ಲಿ ಒಬ್ಬಳು ಹುಡುಗಿ ಇದ್ದಾಳಂತೆ. ದಿನಾ ಹೋಗಿ ಮಾತಾಡಿಸಲು ಇವನಿಗೆ ಯಾವ ಕಾಯಿಲೆಯೂ ಇಲ್ಲ. "ಅಲ್ಲಿ ಕಾಯಿಲೆ ಇಲ್ದೇ ಕೊಳ್ಳೋಕೆ ಆಗೋದು ಅದೊಂದೇ, ಅಮ್ಮ."

"ಮತ್ತೆ ನಿನ್ನ ಬಾಟಲಿ?"

"ಯಾವ ಬಾಟಲಿ? ಅಪ್ಪನ್ನ ಕಳಿಸ್ತೀಯಲ್ಲ ಅಂತ ಹೇಳಿದ್ದು."

ಆಮೇಲೆ ಅಪ್ಪ. ಡಾಕ್ಟರಮ್ಮ ಕೇಳಿದರು, "ಮೊದಲ ಸಲ ಕುಡಿದಾಗ ಏನನಿಸ್ತು? ಎಷ್ಟಕ್ಕೆ ತಲೆ ತಿರುಗ್ತು?"

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಅವನಿಗೆ ಇಷ್ಟವಾದ ಪ್ರಶ್ನೆ ಅದೊಂದೇ ಇರಬೇಕು. "ಏನೂ ಆಗ್ಲಿಲ್ಲ ಮೇಡಂ! ಜೊತೆಗಿದ್ದೋರೆಲ್ಲ ಮಲಗಿಬಿಟ್ರು, ನಾನು ಗೋಡೆಯಿಂದ ಗೋಡೆಗೆ ನೆಟ್ಟಗೆ ನಡೆದು ತೋರಿಸ್ದೆ. ನನಗೆ ಇದು ಹತ್ತೋದೇ ಇಲ್ಲ ಅಂದ್ಕೊಂಡೆ. ಅದಕ್ಕೇ ಹೆದರಿಕೆ ಇಲ್ದೇ ಕುಡಿದೆ."

ಡಾಕ್ಟರಮ್ಮ ಬರೆಯುತ್ತ ಹೇಳಿದರು, "ಅದೇ ನೋಡಿ. ತುಂಬಾ ಜನ ಹೀಗೇ ಹೇಳ್ತಾರೆ. ಬೇಗ ತಲೆ ತಿರುಗೋರಿಗೆ ಮೈಯೇ ಸಾಕು ಅನ್ನುತ್ತೆ, ನಿಮ್ಮ ಮಗನಿಗೆ ಅಂದಿತಲ್ಲ, ಹಾಗೆ. ಕೆಲವರಿಗೆ ಆ ಸಾಕು ಅನ್ನೋದು ತಡವಾಗಿ ಬರುತ್ತೆ. ಏನೂ ಆಗಲ್ಲ ಅನ್ನೋದೇ ಹೆದರಬೇಕಾದ ವಿಷಯ. ಅದೂ ವಂಶದಲ್ಲಿ ಇಳಿದು ಬರಬಹುದು."

ನನ್ನ ಕಿವಿ ಆಗ ಬಿಸಿಯಾಯಿತು.

"ಅದು ಯಾವ ಜೀನು ಅಂತ ತೋರಿಸಿ, ಕಿತ್ತು ಹಾಕಿಬಿಡಿ," ಎಂದಳು ಅಮ್ಮ.

"ಒಂದಲ್ಲಮ್ಮ, ನೂರಾರು. ಒಂದೊಂದೂ ಒಂದಿಷ್ಟೇ ಇಷ್ಟು ತಳ್ಳುತ್ತೆ. ಅದೆಲ್ಲ ಇದ್ದೂ ಕುಡಿಯದೇ ಇರೋರಿದಾರೆ. ಅರ್ಧ ರಕ್ತ, ಉಳಿದರ್ಧ ಬದುಕು."

"ಗಂಡುಮಕ್ಕಳಿಗೆ ತಾನೇ?"

"ಅದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ." ಡಾಕ್ಟರಮ್ಮ ಹಾಳೆ ಮಗುಚಿ ನನ್ನ ಕಡೆ ತಿರುಗಿದರು. "ಈಗ ನೀನು."

"ಅವಳನ್ನೇನು ಕೇಳ್ತೀರ? ಅವಳು ನಮ್ಮನೇಲಿ ಮೂಸೋಳು," ಎಂದಳು ಅಮ್ಮ. "ಎಲ್ಲದಕ್ಕೂ ಇಲ್ಲ ಅಂತ ಬರ್ಕೊಳ್ಳಿ."

ಡಾಕ್ಟರಮ್ಮ ಬರೆಯಲಿಲ್ಲ, ಪೆನ್ನು ಹಿಡಿದು ಕಾದರು. ಅಪ್ಪನ ಚೀಲ ಬಾಗಿಲ ಪಕ್ಕದಲ್ಲಿತ್ತು. ನಾಳೆಯವರೆಗೂ ಮನೆಯಲ್ಲಿಟ್ಟರೆ ತನ್ನ ಮನಸ್ಸು ಬದಲಾಗಿಬಿಡುತ್ತದೆಂದು ಅಮ್ಮನೇ ಹೊರಿಸಿಕೊಂಡು ಬಂದಿದ್ದಳು. ಇಲ್ಲಿಂದಲೇ ಬಸ್ಸು.

"ಬಾಟಲಿ ನಂದು," ಎಂದೆ.

ಯಾರಿಗೂ ಕೇಳಿಸಲಿಲ್ಲ. ನನ್ನ ದನಿಯೇ ಅಂಥದು. ಎರಡನೇ ಸಲ ಹೇಳಿದಾಗ ಗಟ್ಟಿಯಾಗಿಬಿಟ್ಟಿತು. ಹೊರಗೆ ಯಾರೋ ಬಾಗಿಲು ತೆರೆದು ನೋಡಿ ಮುಚ್ಚಿದರು.

ಆಮೇಲೆ ಎಲ್ಲ ಒಟ್ಟಿಗೆ ಬಂತು. ಸಿಂಕು ದೂರ ಇದ್ದದ್ದು, ಮುಚ್ಚಳ, ಗ್ಲಾಸು, ಹೆಚ್ಚಿಗೆ ಬೆರೆಸಿದ್ದು. "ನನಗೂ ಏನೂ ಆಗ್ಲಿಲ್ಲ ಮೇಡಂ. ಗೆರೆ ಮೇಲೆ ನಡೆದು ನೋಡ್ದೆ," ಎಂದೆ. "ಇಪ್ಪತ್ತೇಳು ಕುಡಿದಿಲ್ಲ. ಅದೂ ನಾನೇ."

ಡಾಕ್ಟರಮ್ಮ ಕಣ್ಣು ಮುಚ್ಚಿದರು. ಎದ್ದು ಹೋಗಿ ಇಲಿಗಳ ಪುಸ್ತಕ ತಂದು ಇಪ್ಪತ್ತೇಳನೇ ನಂಬರಿನ ಹದಿನೇಳು ದಿನಗಳ ಮೇಲೆ ಗೆರೆ ಎಳೆದರು. ಒಂದೊಂದಾಗಿ, ಸ್ಕೇಲು ಇಟ್ಟು. ಬೈದಿದ್ದರೆ ವಾಸಿಯಿತ್ತು.

ಅಮ್ಮ ಎದ್ದು ಬಂದಳು. ಹೊಡೆಯುತ್ತಾಳೆಂದುಕೊಂಡೆ. ನನ್ನ ಗಲ್ಲ ಹಿಡಿದು, ಬಾಯಿ ತೆರೆಸಿ, ಮೂಗನ್ನು ಹತ್ತಿರ ತಂದು ಮೂಸಿದಳು. ಮತ್ತೊಮ್ಮೆ ಮೂಸಿದಳು. ಇನ್ನೂ ಜೋರಾಗಿ ಉಸಿರೆಳೆದು ಮೂಸಿದಳು. ಅವಳಿಗೆ ಏನೂ ಗೊತ್ತಾಗಲಿಲ್ಲ.

"ಏನಿದೆ ಹೇಳೇ," ಎಂದಳು. "ನನಗೆ ಗೊತ್ತಾಗ್ತಿಲ್ಲ, ನೀನೇ ಹೇಳೇ."

ಏಪ್ರಿಲ್ ೧೪, ಭಾನುವಾರ

ಅಪ್ಪ ಚೀಲ ಬಿಚ್ಚಿದ. ನನ್ನ ಕೈ ನಡುಗುವುದನ್ನು ನೋಡಿ ಬಿಸಿ ಸಾರು ತಂದಿಟ್ಟ. ನಿಂಬೆಹಣ್ಣಿನ ನೀರು ಮಾಡಿಕೊಟ್ಟ. ಅರ್ಧ ಲೋಟ ಚೆಲ್ಲಿಕೊಂಡೆ. "ಮೂರು ದಿನ ಹಿಂಗೇ," ಎಂದ. "ನನಗೆ ಒಂಬತ್ತು ದಿನ ಇತ್ತು. ನೀನು ಐದೇ ವಾರದ ಹೊಸಬಳು. ಹೆಚ್ಚಾದ್ರೆ ಹೇಳು, ಆಸ್ಪತ್ರೆಗೆ ಹೋಗೋಣ."

ಅಮ್ಮ ಪ್ರತಿ ಗಂಟೆಗೊಮ್ಮೆ ಬಂದು ಹಣೆ ಮುಟ್ಟಿ ಹೋಗುತ್ತಾಳೆ.

ತಮ್ಮ ಜೇಬಿನಿಂದ ಪೆಪ್ಪರ್‌ಮೆಂಟು ತೆಗೆದು ಕೊಟ್ಟ. ಬೇಡ ಎಂದೆ.

ಏಪ್ರಿಲ್ ೧೬, ಮಂಗಳವಾರ

ಕೆಲಸ ಹೋಗಲಿಲ್ಲ, ಕೋಣೆ ಬದಲಾಯಿತು. ಈಗ ಮೊಲಗಳ ಕೋಣೆ. ಮೊಲಗಳಿಗೆ ಒಂದೇ ಬಾಟಲಿ, ನೀರು. ಇಲಿಕೋಣೆಯಲ್ಲಿ ಇನ್ನು ಮುಂದೆ ಚೀಟಿ ಕಿತ್ತುಬಂದರೆ ಚೆಲ್ಲಲೇಬೇಕು, ನಾಲಿಗೆ ತಾಗಿಸುವಂತಿಲ್ಲ ಎಂದು ಡಾಕ್ಟರಮ್ಮ ಬೋರ್ಡು ಬರೆಸಿದ್ದಾರೆ. ಮೇಸ್ತ್ರಿ ಮುಖ ಗಂಟಿಕ್ಕಿಕೊಂಡಿದ್ದಾನೆ. ಅವನೊಡನೆ ಇನ್ನು ತಮಾಷೆ ಮಾಡಲು ಬರುತ್ತದೋ ಇಲ್ಲವೋ, ಇವತ್ತು ಪ್ರಯತ್ನಿಸಿದೆ. "ಆಯ್ತು" ಎಂಬುದೊಂದೇ ಬಂತು.

ನಮ್ಮ ಎಂಜಲಿನಲ್ಲಿ ಏನು ಸಿಕ್ಕಿತೆಂದು ಕೇಳಿದೆ. ಒಬ್ಬೊಬ್ಬರಿಗೆ ಹೇಳುವಂಥದ್ದು ಅದರಲ್ಲಿ ಏನೂ ಇಲ್ಲವಂತೆ, ಸಾವಿರಾರು ಜನರ ಜೊತೆ ಸೇರಿಸಿ ನೋಡುತ್ತಾರಂತೆ. "ನಿನ್ನ ಬಗ್ಗೆ ನಳಿಕೆಗಿಂತ ಜಾಸ್ತಿ ನೀನೇ ಹೇಳಿದೀಯಲ್ಲ," ಎಂದರು.

ಏಪ್ರಿಲ್ ೧೭, ಬುಧವಾರ

ಪ್ರತಿ ಬುಧವಾರ ಸಂಜೆ ಅಪ್ಪ ಒಂದು ಸಭೆಗೆ ಹೋಗುತ್ತಾನೆ. ಕುಡಿತ ಬಿಟ್ಟವರ ಸಭೆ, ಗ್ರಂಥಾಲಯದ ಮೇಲಿನ ಕೋಣೆಯಲ್ಲಿ. ಇವತ್ತು ನನ್ನನ್ನೂ ಕರೆದ.

"ಎಲ್ಲರ ಮುಂದೆ ಮಾತಾಡಬೇಕಾ?" ಎಂದು ಕೇಳಿದೆ.

"ಹೂಂ."

"ನನ್ನ ಪರವಾಗಿ ನೀನೇ ಹೇಳಿಬಿಡು ಅಪ್ಪ."

"ನನ್ನ ಬೀಗಕ್ಕೆ ನಿನ್ನ ಕೈ ಬರಲ್ಲ, ನಿನ್ನದಕ್ಕೆ ನಂದು ಬರಲ್ಲ. ನಡಿ."

ಮೆಟ್ಟಿಲು ಹತ್ತುವಾಗ ಎರಡು ಸಲ ವಾಪಸು ತಿರುಗಿದೆ. ಕೋಣೆಯಲ್ಲಿ ಹದಿನಾಲ್ಕು ಜನ, ಎಲ್ಲರೂ ಗಂಡಸರು, ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಪ್ಪನನ್ನು ಕಂಡು ಕೈ ಎತ್ತಿದರು. ಸಭೆ ನಡೆಸುವ ಬಿಳಿ ಗಡ್ಡದ ಮುದುಕರು ನನಗೊಂದು ಕುರ್ಚಿಯನ್ನು ಗೋಡೆಯ ಪಕ್ಕ, ಸುತ್ತಿನಿಂದ ಹೊರಗೆ ಹಾಕಿದರು. ಅಲ್ಲೇ ಕೂತಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಕುರ್ಚಿಯೂ ಚೆನ್ನಾಗಿತ್ತು, ದಿಂಬು ಬೇರೆ ಇತ್ತು.

"ಅಪ್ಪನ ಜೊತೆ ಬಂದಿದೀಯಾ ತಾಯಿ?" ಎಂದು ಮುದುಕರು ಕೇಳಿದರು.

ಕುರ್ಚಿಯನ್ನು ಎಳೆದುಕೊಂಡು ಸುತ್ತಿನೊಳಕ್ಕೆ ತಂದೆ. ಅದರ ಕಾಲು ನೆಲಕ್ಕೆ ಕೆರೆದು ದೊಡ್ಡ ಸದ್ದಾಯಿತು. ಹದಿನಾಲ್ಕು ಜನರೂ ನೋಡಿದರು.

"ಇಲ್ಲ," ಎಂದೆ. "ಅಪ್ಪ ನನ್ನ ಜೊತೆ ಬಂದಿರೋದು."